ಮೊಳೆಯುವ ಕರೆಯೋಲೆ

ಮದುವೆಯ ಕಾಲ ಮುಗಿಯುತ್ತ ಬಂದಾಗ ನಮ್ಮ ಮನೆಗಳಲ್ಲಿ ಒಂದು ಸಣ್ಣ ತೊಡಕು ತಲೆದೋರುತ್ತದೆ. ತೀರ ಸಣ್ಣದಾದ್ದರಿಂದ ಅದನ್ನು ಕುರಿತು ಯಾರೂ ಮಾತನಾಡುವುದಿಲ್ಲ. ರೇಡಿಯೋ ಇಟ್ಟ ಮೇಜಿನ ಮೇಲೆ, ಗೋಡೆಯ ಪಂಚಾಂಗದ ಹಿಂದೆ, ಕಪಾಟಿನ ಮೂಲೆಯಲ್ಲಿ ಬಂದು ಸೇರಿದ ಲಗ್ನಪತ್ರಿಕೆಗಳನ್ನು ಏನು ಮಾಡಬೇಕು? ಒಂದರ ಮೇಲೆ ವಿಘ್ನೇಶ್ವರನಿದ್ದಾನೆ. ಇನ್ನೊಂದರ ಮೇಲೆ ಮನೆದೇವರಿದ್ದಾರೆ. ನಾಲ್ಕು ಮೂಲೆಗೂ ಅರಿಸಿನ ಹಚ್ಚಿದೆ. ಕಸದ ಡಬ್ಬಿಗೆ ಹಾಕಹೋದರೆ ಮನೆಯ ಹಿರಿಯರು "ಅಯ್ಯೋ, ದೇವರ ಪಟ ಇದೆಯಲ್ಲಪ್ಪ!" ಎನ್ನುತ್ತಾರೆ. ಇಟ್ಟುಕೊಂಡರೆ ವರ್ಷಕ್ಕೊಂದು ಕಟ್ಟು ಬೆಳೆಯುತ್ತದೆ. ಕಡೆಗೆ ಒಂದು ದಿನ ಆ ಕಟ್ಟು ಯಾವುದಾದರೂ ಅರಳಿಕಟ್ಟೆಯ ಬುಡಕ್ಕೆ ಹೋಗುತ್ತದೆ. ಅಲ್ಲಿ ಅದು ಮಳೆಗೆ ನೆನೆದು, ಬಿಸಿಲಿಗೆ ಒಣಗಿ, ಹಾಗೆಯೇ ಬಿದ್ದಿರುತ್ತದೆ.

ಹಾಗೆಯೇ ಬಿದ್ದಿರುವುದಕ್ಕೆ ಕಾರಣವಿದೆ. ಕಾಗದ ಮಾತ್ರವೇ ಆಗಿದ್ದರೆ ಒಂದು ಮಳೆಗಾಲದಲ್ಲಿ ಮಣ್ಣಾಗಿಬಿಡುತ್ತಿತ್ತು. ಆದರೆ ಈಗಿನ ಪತ್ರಿಕೆಗಳಲ್ಲಿ ಕಾಗದದ ಮೇಲೆ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ತೆಳುವಾದ ಪೊರೆ ಅಂಟಿಸಿರುತ್ತಾರೆ. ಹೊಳಪು ಅದರಿಂದ ಬರುತ್ತದೆ. ಹೊನ್ನಿನಂತೆ ಮಿನುಗುವ ಅಕ್ಷರಗಳು ಲೋಹದ ಲೇಪವಿರುವ ಹಾಳೆಯನ್ನು ಬಿಸಿ ಮಾಡಿ ಒತ್ತಿದವು. ಇಂಥ ಪತ್ರಿಕೆ ಮಣ್ಣಿನಲ್ಲಿ ಕರಗುವುದಿಲ್ಲ. ಹಳೆಯ ಕಾಗದ ಕೊಳ್ಳುವವನಿಗೂ ಬೇಡವಾಗುತ್ತದೆ, ಏಕೆಂದರೆ ಪ್ಲಾಸ್ಟಿಕ್ಕು ಅಂಟಿದ ಕಾಗದವನ್ನು ಮತ್ತೆ ಅರೆದು ಹೊಸ ಕಾಗದ ಮಾಡುವುದು ಕಷ್ಟ. ಶುಭವನ್ನು ಕೋರಿ ಬಂದ ಓಲೆಗೆ ಗೌರವದ ಕೊನೆಯೊಂದು ಇಲ್ಲದಂತಾಗಿದೆ.

ಈ ತೊಡಕಿಗೆ ಈಚೆಗೆ ಒಂದು ಪರಿಹಾರ ಹುಟ್ಟಿಕೊಂಡಿದೆ. ಅದೇ ಬೀಜದ ಕಾಗದ. ನೋಡುವುದಕ್ಕೆ ಒರಟಾದ, ಕೈಯಿಂದ ಮಾಡಿದ ಕಾಗದದಂತಿರುತ್ತದೆ. ಬೆಳಕಿಗೆ ಹಿಡಿದರೆ ಒಳಗೆ ಸಣ್ಣ ಸಣ್ಣ ಬೀಜಗಳು ಕಾಣುತ್ತವೆ. ಮದುವೆ ಮುಗಿದ ಮೇಲೆ, ಹಬ್ಬ ಕಳೆದ ಮೇಲೆ, ಆ ಪತ್ರಿಕೆಯನ್ನು ಹರಿದು ನೆನೆಸಿ ಕುಂಡದ ಮಣ್ಣಿನಲ್ಲಿ ಹುದುಗಿಸಿ ನೀರು ಹಾಕಿದರೆ ಕಾಗದ ಕರಗುತ್ತದೆ, ಬೀಜ ಮೊಳೆಯುತ್ತದೆ. ದಕ್ಷಿಣ ಕನ್ನಡದ ಪಕ್ಷಿಕೆರೆ ಎಂಬ ಊರಿನಲ್ಲಿ ನಿತಿನ್ ವಾಸ್ ಎಂಬವರು 'ಪೇಪರ್ ಸೀಡ್' ಎಂಬ ಹೆಸರಿನಲ್ಲಿ ಹಳ್ಳಿಯ ಹೆಂಗಸರಿಗೆ ಕೆಲಸ ಕೊಟ್ಟು ಬೀಜದ ರಾಖಿ, ಬೀಜದ ಬಾವುಟ ಮುಂತಾದವನ್ನು ಮಾಡಿಸಿ ಹೆಸರು ಪಡೆದಿದ್ದಾರೆ. ನಮ್ಮ ಬೆಂಗಳೂರಿನಲ್ಲಿಯೂ ಇಂಥ ಕಾಗದ ಮಾಡುವವರಿದ್ದಾರೆ. ಶುಭಾಶಯ ಪತ್ರ, ಲಗ್ನಪತ್ರಿಕೆ, ಗೃಹಪ್ರವೇಶದ ಕರೆ, ಎಲ್ಲವೂ ಇದರಲ್ಲಿ ಆಗುತ್ತವೆ.

ಇದೇನು ಹೊಸ ಬೆಡಗು ಎಂದು ಕೆಲವರು ಹುಬ್ಬೇರಿಸಬಹುದು. ನಾನು ಕನ್ನಡ ಪಾಠ ಹೇಳುವವನಾದ್ದರಿಂದ ನನಗೆ ಮೊದಲು ತೋರಿದ್ದು ಪದಗಳ ಸಂಗತಿ. ನಾವು 'ಓಲೆ' ಎನ್ನುತ್ತೇವೆ. ಓಲೆ ಎಂದರೆ ತಾಳೆಯ ಗರಿ. ಅದರ ಮೇಲೆ ಬರೆದು ಕಳುಹಿಸಿದ್ದೂ ಓಲೆಯಾಯಿತು. ಅದನ್ನು ಸುರುಳಿ ಮಾಡಿ ಕಿವಿಗಿಟ್ಟುಕೊಂಡಾಗ ಅದೂ ಓಲೆಯಾಯಿತು. 'ಪತ್ರ' ಎನ್ನುತ್ತೇವೆ. ಬಿಲ್ವಪತ್ರೆಯನ್ನು ಬಲ್ಲವರಿಗೆ ಪತ್ರವೆಂದರೆ ಎಲೆ ಎಂದು ಹೇಳಬೇಕಾಗಿಲ್ಲ. 'ಕಾಗದ' ಎಂಬ ಮಾತು ಮಾತ್ರ ಪಾರಸಿಯಿಂದ ಬಂದದ್ದು. ವಸ್ತುವೂ ಹೊರಗಿನಿಂದಲೇ ಬಂತು. ಅದಕ್ಕೆ ಮೊದಲೂ ಅನಂತರವೂ ನಮ್ಮವರು ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಮಡಿಸಿ, ಬಳಪದಿಂದ ಬರೆಯುತ್ತಿದ್ದರು. ಅದು ಕಡತ. ಇಂದಿಗೂ ಕಚೇರಿಯ ಫೈಲನ್ನು ನಾವು ಕಡತವೆಂದೇ ಕರೆಯುತ್ತೇವೆ. ವಿಜಯದಶಮಿಯಂದು ಬನ್ನಿಯ ಎಲೆಯನ್ನು ಬಂಗಾರವೆಂದು ಕೈಗಿತ್ತು ಹಿರಿಯರಿಗೆ ನಮಸ್ಕರಿಸುವುದು ಉಂಟಲ್ಲ, ಅದಕ್ಕಿಂತ ಹಳೆಯ ಶುಭಾಶಯ ಪತ್ರ ಯಾವುದಿದೆ? ಇಂಗ್ಲೆಂಡಿನಲ್ಲಿ ಹೆನ್ರಿ ಕೋಲ್ ಎಂಬವರು ಅಚ್ಚಿನ ಕ್ರಿಸ್ಮಸ್ ಪತ್ರವನ್ನು ಮಾರಾಟಕ್ಕೆ ತಂದದ್ದು 1843ರಲ್ಲಿ. ಎಲೆಯಿಂದ ಹೊರಟ ಪತ್ರ ಪ್ಲಾಸ್ಟಿಕ್ಕಿಗೆ ಹೋಗಿ ಈಗ ಮತ್ತೆ ಎಲೆಯ ಕಡೆಗೆ ಮುಖ ಮಾಡಿದೆ ಎನ್ನಬಹುದು.

ಹಾಗೆಯೇ, ಮದುವೆಗೂ ಮೊಳಕೆಗೂ ನಂಟು ಹೊಸದಲ್ಲ. ಮದುವೆ, ಉಪನಯನಗಳಿಗೆ ಮುಂಚೆ ಅಂಕುರಾರ್ಪಣ ಮಾಡುವ ಮನೆಗಳಲ್ಲಿ ಪಾಲಿಕೆಗಳೆಂಬ ಮಣ್ಣಿನ ಬಟ್ಟಲುಗಳಲ್ಲಿ ನವಧಾನ್ಯ ಬಿತ್ತಿ, ಮುತ್ತೈದೆಯರಿಂದ ನೀರೆರೆಸುತ್ತಾರೆ. ಧಾನ್ಯ ಚೆನ್ನಾಗಿ ಮೊಳೆತರೆ ಮನೆಯವರ ಮುಖ ಅರಳುತ್ತದೆ. ಬೀಜದ ಪತ್ರಿಕೆ ಆ ಪಾಲಿಕೆಯನ್ನೇ ಬಂಧುಗಳ ಮನೆಗೆ ಕಳುಹಿಸಿದಂತೆ.

ಆದರೆ ಕಳುಹಿಸಿದ ಮಾತ್ರಕ್ಕೆ ಮೊಳೆಯುವುದಿಲ್ಲ. ಇಲ್ಲಿಯೇ ನಾವು ಸ್ವಲ್ಪ ತಿಳಿದು ನಡೆಯಬೇಕಾದ್ದು. ಅದಕ್ಕೆ ಮೊದಲು ಈ ಕಾಗದ ಹೇಗೆ ಆಗುತ್ತದೆಂಬುದನ್ನು ನೋಡೋಣ.

ಕಾಗದವೆಂದರೆ ಮೂಲತಃ ನಾರು. ನಾರನ್ನು ನೀರಿನಲ್ಲಿ ಅರೆದು ತಿಳಿಯಾಗಿ ಕದಡಿ, ಜರಡಿಯಲ್ಲಿ ಎತ್ತಿದರೆ ನೀರು ಸೋರಿಹೋಗಿ ನಾರುಗಳು ಒಂದಕ್ಕೊಂದು ಹೆಣೆದುಕೊಂಡು ಹಾಳೆಯಾಗುತ್ತವೆ. ಚೀನದ ಚಾಯ್ ಲುನ್ ಎಂಬ ಅಧಿಕಾರಿ ಕ್ರಿ.ಶ. 105ರಲ್ಲಿ ಈ ವಿಧಾನವನ್ನು ತನ್ನ ಚಕ್ರವರ್ತಿಗೆ ಅರಿಕೆ ಮಾಡಿದನೆಂದು ಹೇಳುತ್ತಾರೆ. ಮೂಲ ಉಪಾಯ ಇಂದಿಗೂ ಅದೇ. ಗಿರಣಿಗಳು ಮರದ ತಿರುಳನ್ನು ಬಳಸುತ್ತವೆ. ಕೈಯಿಂದ ಕಾಗದ ಮಾಡುವವರು ಹೆಚ್ಚಾಗಿ ಹತ್ತಿಬಟ್ಟೆಯ ಚೂರುಗಳನ್ನು ಬಳಸುತ್ತಾರೆ. ಉಡುಪಿನ ಕಾರ್ಖಾನೆಗಳು ಇಷ್ಟೊಂದು ಇರುವ ನಮ್ಮ ಊರಿನಲ್ಲಿ ಅಂಥ ಚೂರುಗಳಿಗೆ ಬರವಿಲ್ಲ. ಈ ಕಾಗದಕ್ಕೆ ಮರ ಕಡಿಯಬೇಕಾಗಿಲ್ಲ. ಗಾಂಧೀಜಿಯವರು 1934ರಲ್ಲಿ ಸ್ಥಾಪಿಸಿದ ಅಖಿಲ ಭಾರತ ಗ್ರಾಮೋದ್ಯೋಗ ಸಂಘ, ಜೆ.ಸಿ. ಕುಮಾರಪ್ಪನವರ ಮೇಲ್ವಿಚಾರಣೆಯಲ್ಲಿ, ಕೈಕೆಲಸದ ಕಾಗದಕ್ಕೆ ಮತ್ತೆ ಜೀವ ತುಂಬಲು ದುಡಿಯಿತು.

ಬೀಜದ ಕಾಗದದಲ್ಲಿ ವಿಶೇಷವಿಷ್ಟೆ: ನಾರನ್ನು ಅರೆದು ಮುಗಿಸಿದ ಮೇಲೆ ಬೀಜ ಸೇರಿಸಬೇಕು. ಅರೆಯುವಾಗಲೇ ಹಾಕಿದರೆ ಬೀಜ ಗಾಯಗೊಂಡು ಸಾಯುತ್ತದೆ. ನಾವು ಪತ್ರಿಕೆಯ ಜೊತೆಗೆ ಕೊಡುವ ಮಂತ್ರಾಕ್ಷತೆಯನ್ನು ನೆನೆಯಿರಿ. 'ಅಕ್ಷತ' ಎಂದರೆ ಗಾಯವಾಗದ್ದು, ಮುರಿಯದ್ದು. ಆದರೂ ಅಕ್ಕಿ ಮೊಳೆಯುವುದಿಲ್ಲ, ಭತ್ತ ಮೊಳೆಯುತ್ತದೆ. ಕಾರಣ, ಸಿಪ್ಪೆ ತೆಗೆದು ಪಾಲಿಶು ಮಾಡುವಾಗ ಅಕ್ಕಿಯ ತುದಿಯಲ್ಲಿದ್ದ ಮೊಳಕೆಯ ಭಾಗ ಹಾರಿಹೋಗಿರುತ್ತದೆ. ಕಣ್ಣಿಗೆ ಇಡಿಯಾಗಿ ಕಂಡರೆ ಸಾಲದು, ಒಳಗೆ ಜೀವವಿರಬೇಕು.

ಎರಡನೆಯದು ಒಣಗಿಸುವ ಕೆಲಸ. ಹಸಿ ಹಾಳೆಯಲ್ಲಿ ಬೀಜ ನೀರು ಕುಡಿಯತೊಡಗುತ್ತದೆ. ನಿಧಾನವಾಗಿ ಒಣಗಿಸಿದರೆ ಕಾಗದದೊಳಗೇ ಮೊಳೆತು ಸತ್ತುಹೋಗುತ್ತದೆ. ಬೇಗ ಒಣಗಲೆಂದು ಬಿಸಿ ಯಂತ್ರದಲ್ಲಿ ಒತ್ತಿದರೆ ಬೆಂದುಹೋಗುತ್ತದೆ. ನೆರಳಿನಲ್ಲಿ, ಗಾಳಿಯಲ್ಲಿ, ತೆಳುವಾಗಿ ಹರಡಿ, ಚುರುಕಾಗಿ ಒಣಗಿಸಬೇಕು. ಅಚ್ಚು ಹಾಕುವಾಗಲೂ ಇದೇ ಎಚ್ಚರಿಕೆ ಬೇಕು. ಕಚೇರಿಗಳಲ್ಲಿರುವ ಲೇಸರ್ ಮುದ್ರಣ ಯಂತ್ರದಲ್ಲಿ ಕಾಗದವು 150 ಡಿಗ್ರಿಗೂ ಮೀರಿ ಕಾದ ಉರುಳೆಯ ಕೆಳಗೆ ಹಾಯುತ್ತದೆ. ಬಂಗಾರದ ಅಕ್ಷರವನ್ನೂ ಕಾಯಿಸಿಯೇ ಒತ್ತುತ್ತಾರೆ. ಬೀಜದ ಕಾಗದಕ್ಕೆ ಇವೆರಡೂ ಸಲ್ಲವು. ಬಿಸಿಯಿಲ್ಲದ ಸ್ಕ್ರೀನ್ ಮುದ್ರಣವೋ, ಎಲ್ಲಕ್ಕಿಂತ ಮೇಲಾಗಿ ಕೈಬರಹವೋ ಸರಿ.

ಮೂರನೆಯದು ಕಾಲದ ಮಾತು. ಬೀಜವೆಂಬುದು ಉಸಿರು ಹಿಡಿದು ಮಲಗಿರುವ ಜೀವ. ತೇವ ಮತ್ತು ಬಿಸಿ ಅದರ ಆಯುಸ್ಸನ್ನು ಕರಗಿಸುತ್ತವೆ. ಅಮೆರಿಕದ ಹ್ಯಾರಿಂಗ್‌ಟನ್ ಎಂಬ ಬೀಜವಿಜ್ಞಾನಿ ಹೇಳಿದ ಒಂದು ಸುಲಭ ಲೆಕ್ಕವಿದೆ: ಬೀಜದಲ್ಲಿರುವ ತೇವ ನೂರಕ್ಕೆ ಒಂದು ಪಾಲು ಕಡಮೆಯಾದರೆ ಆಯುಸ್ಸು ಎರಡರಷ್ಟಾಗುತ್ತದೆ; ಇಟ್ಟ ಜಾಗದ ಶಾಖ 5 ಡಿಗ್ರಿ ಇಳಿದರೂ ಎರಡರಷ್ಟಾಗುತ್ತದೆ. ನಾರ್ವೆ ದೇಶಕ್ಕೆ ಸೇರಿದ ಸ್ವಾಲ್ಬಾರ್ಡ್ ದ್ವೀಪದಲ್ಲಿ 2008ರಲ್ಲಿ ತೆರೆದ ಬೀಜಭಂಡಾರದಲ್ಲಿ ಲೋಕದ ಬೆಳೆಗಳ ಬೀಜಗಳನ್ನು ಒಣಗಿಸಿ, ಶೂನ್ಯಕ್ಕಿಂತ 18 ಡಿಗ್ರಿ ಕೆಳಗಿನ ಚಳಿಯಲ್ಲಿ ಇಟ್ಟಿರುವುದು ಈ ಕಾರಣಕ್ಕಾಗಿಯೇ. ನಮ್ಮ ಪತ್ರಿಕೆಗೆ ಆ ಭಾಗ್ಯವಿಲ್ಲ. ಕಾಗದ ಗಾಳಿಯ ತೇವವನ್ನು ಹೀರುತ್ತದೆ. ಮಳೆಗಾಲದಲ್ಲಿ ಹಪ್ಪಳ ಮೆತ್ತಗಾಗುವಂತೆ ಅದೂ ಮೆತ್ತಗಾಗುತ್ತದೆ. ಆದ್ದರಿಂದ ಬೀಜದ ಪತ್ರಿಕೆಯನ್ನು ನೆನಪಿಗೆಂದು ಇಟ್ಟುಕೊಳ್ಳಬಾರದು. ಬಂದ ಕೆಲವು ತಿಂಗಳಲ್ಲಿ ಬಿತ್ತಿಬಿಡಬೇಕು. ನೆನಪಿಗೆ ಬೇಕಾದರೆ ಹೆಸರಿರುವ ಒಂದು ಚೂರನ್ನು ಕತ್ತರಿಸಿ ಇಟ್ಟುಕೊಳ್ಳಿ.

ಇನ್ನು ಯಾವ ಬೀಜ ಎಂಬ ಪ್ರಶ್ನೆ. ಕಾಗದದೊಳಗೆ ಅಡಗಬೇಕಾದರೆ ಬೀಜ ಸಣ್ಣದಿರಬೇಕು. ತುಳಸಿ, ಚೆಂಡುಹೂವು, ಟೊಮೇಟೊ, ಸಾಸಿವೆ, ದಂಟಿನ ಸೊಪ್ಪು ಇವು ಹೊಂದುತ್ತವೆ. ಅವರೆ, ಹುರುಳಿ ಹೊಂದುವುದಿಲ್ಲ. ಆದರೆ ಸಣ್ಣದೆಂಬ ಒಂದೇ ಕಾರಣಕ್ಕೆ ಯಾವುದೋ ಪರದೇಶದ ಕಾಡುಹೂವಿನ ಬೀಜವನ್ನು ತರಿಸಿ ಹಂಚುವುದು ಒಳ್ಳೆಯದಲ್ಲ. 19ನೆಯ ಶತಮಾನದ ಆರಂಭದಲ್ಲಿ ಹೂದೋಟದ ಅಲಂಕಾರಕ್ಕೆಂದು ನಮ್ಮ ದೇಶಕ್ಕೆ ತಂದ ಲಂಟಾನ ಇಂದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟಗಳ ಕಾಡಿನಲ್ಲಿ ಹಬ್ಬಿ ಹುಲ್ಲನ್ನೂ ಎಳೆಯ ಸಸಿಗಳನ್ನೂ ನುಂಗಿಬಿಟ್ಟಿದೆ. 1950ರ ದಶಕದಲ್ಲಿ ಪುಣೆಯ ಬಳಿ ಕಾಣಿಸಿಕೊಂಡ ಪಾರ್ಥೇನಿಯಂ ಬೆಂಗಳೂರಿನ ಖಾಲಿ ನಿವೇಶನಗಳಲ್ಲೆಲ್ಲ ಬೆಳೆದು ಎಷ್ಟು ಜನಕ್ಕೆ ಮೈಕೆರೆತ, ಉಬ್ಬಸ ತಂದಿದೆಯೆಂಬುದು ನಿಮಗೇ ಗೊತ್ತು. ಆದ್ದರಿಂದ ಅಂಗಡಿಯವರು "ಹೂವಿನ ಬೀಜ" ಎಂದಷ್ಟೇ ಹೇಳಿದರೆ ಸುಮ್ಮನಾಗಬೇಡಿ; ಯಾವ ಹೂವು ಎಂದು ಕೇಳಿ. ನಮ್ಮ ಅಂಗಳದಲ್ಲಿ ಅಜ್ಜಿಯರು ಬೆಳೆದ ಗಿಡವಾದರೆ ಭಯವಿಲ್ಲ.

ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳಲ್ಲಿ ಅಮೆರಿಕದಲ್ಲೋ ಆಸ್ಟ್ರೇಲಿಯದಲ್ಲೋ ಮಕ್ಕಳಿರುವ ಮನೆಗಳು ಬಹಳ. ಅವರಿಗೆ ಮಾತ್ರ ಬೀಜದ ಪತ್ರವನ್ನು ಅಂಚೆಯಲ್ಲಿ ಕಳುಹಿಸಬೇಡಿ. ಬೀಜದೊಡನೆ ರೋಗ, ಕೀಟ, ಕಳೆ ಗಡಿ ದಾಟದಂತೆ ಆ ದೇಶಗಳಲ್ಲಿ ಕಟ್ಟುನಿಟ್ಟಾದ ಕಾನೂನುಗಳಿವೆ. ತಕ್ಕ ಪ್ರಮಾಣಪತ್ರವಿಲ್ಲದ ಬೀಜವನ್ನು ಸುಂಕದ ಕಟ್ಟೆಯಲ್ಲಿಯೇ ತಡೆಯುತ್ತಾರೆ. ಮೊಮ್ಮಕ್ಕಳಿಗೆ ಹಾಳೆಯ ಮೇಲೆ ನಾಲ್ಕು ಸಾಲು ಬರೆಯಿರಿ. ಅಲ್ಲಿಯ ಬೀಜವನ್ನು ಅಲ್ಲಿಯೇ ಕೊಂಡು ಬಿತ್ತಲು ಹೇಳಿ.

ಅಂಗಡಿಯಲ್ಲಿ ಬೀಜದ ಪತ್ರಿಕೆ ಸಾಮಾನ್ಯ ಪತ್ರಿಕೆಗಿಂತ ದುಬಾರಿ. ನಾಲ್ಕಾರು ಶುಭಾಶಯ ಪತ್ರಗಳಾದರೆ ಮನೆಯಲ್ಲಿಯೇ ಮಾಡಿಕೊಳ್ಳಬಹುದು. ಮಕ್ಕಳಿಗೆ ರಜೆಯ ದಿನದ ಒಳ್ಳೆಯ ಕೆಲಸ. ಹಳೆಯ ನೋಟುಪುಸ್ತಕದ ಹಾಳೆಗಳನ್ನು ಅಂಚೆಚೀಟಿಯಷ್ಟು ಚೂರು ಮಾಡಿ ರಾತ್ರಿ ನೀರಿನಲ್ಲಿ ನೆನೆಹಾಕಿ. ಹೊಳಪಿನ ಕಾಗದ ಬೇಡ. ಬೆಳಗ್ಗೆ ಬೇಕಾದಷ್ಟು ನೀರು ಸೇರಿಸಿ ಮಿಕ್ಸಿಯಲ್ಲಿ ರುಬ್ಬಿ, ತೆಳು ಗಂಜಿಯ ಹದಕ್ಕೆ ತನ್ನಿ. ಮರದ ಚೌಕಟ್ಟಿಗೆ ಸೊಳ್ಳೆಪರದೆಯ ತುಂಡನ್ನು ಬಿಗಿದು ಜರಡಿ ಮಾಡಿಕೊಂಡು, ಅಗಲವಾದ ತೊಟ್ಟಿಯಲ್ಲಿ ಈ ಗಂಜಿಯನ್ನು ಕದಡಿ, ಜರಡಿಯನ್ನು ಮುಳುಗಿಸಿ ಮಟ್ಟವಾಗಿ ಮೇಲಕ್ಕೆತ್ತಿ. ನೀರು ಸೋರಿದ ಮೇಲೆ ಬೀಜವನ್ನು ವಿರಳವಾಗಿ ಉದುರಿಸಿ, ಮೇಲೊಂದು ತೆಳುವಾದ ಪದರ ಹೊಯ್ಯಿರಿ. ಹಳೆಯ ಪಂಚೆಯ ಮೇಲೆ ಮಗುಚಿ, ಟವಲಿನಿಂದ ಒತ್ತಿ ನೀರು ಹೀರಿಸಿ, ಫ್ಯಾನಿನ ಕೆಳಗೆ ಒಣಗಿಸಿ. ಒಂದು ದಿನದೊಳಗೆ ಒಣಗುವಷ್ಟು ತೆಳುವಾಗಿರಲಿ. ವರ್ಷವೆಲ್ಲ ಏನೂ ಮೊಳೆಯದಿದ್ದ ಗಣಿತದ ನೋಟುಪುಸ್ತಕದಲ್ಲಿ ಕಡೆಗಾದರೂ ಒಂದು ಮೊಳಕೆ ಬಂತೆಂದು ಹುಡುಗರು ನಗುವುದುಂಟು.

ಬಿತ್ತುವ ಕ್ರಮವೂ ಸುಲಭ. ಅಂಗಳವಿಲ್ಲದವರಿಗೆ ಬಾಲ್ಕನಿಯ ಒಂದು ಕುಂಡ ಸಾಕು. ಕೆಂಪುಮಣ್ಣು, ಸ್ವಲ್ಪ ಮರಳು, ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿ ತುಂಬಿ. ಪತ್ರಿಕೆಯನ್ನು ಚೂರು ಮಾಡಿ ಒಂದೆರಡು ಗಂಟೆ ನೆನೆಸಿ, ಹಸಿಮಣ್ಣಿನ ಮೇಲೆ ಹರಡಿ. ಮೇಲೆ ಬೀಜದ ಗಾತ್ರದ ಎರಡು ಮೂರರಷ್ಟು ದಪ್ಪ ಮಣ್ಣು ಉದುರಿಸಿದರೆ ಸಾಕು. ಗುಂಡಿ ತೋಡಿ ಹೂಳಬೇಡಿ. ಎಲ್ಲಕ್ಕಿಂತ ಮುಖ್ಯವಾದ ಮಾತು: ಮೊಳೆಯುವವರೆಗೆ ಕಾಗದ ಒಣಗಬಾರದು. ಒಣಗಿದರೆ ಅದು ಮತ್ತೆ ರಟ್ಟಿನಂತಾಗಿ ಬೀಜವನ್ನು ಬಿಗಿಹಿಡಿಯುತ್ತದೆ. ಬೆಳಗ್ಗೆ ಸಂಜೆ ಕೈಯಿಂದ ನೀರು ಚಿಮುಕಿಸಿ. ಸಾಸಿವೆ ಮೂರು ನಾಲ್ಕು ದಿನದಲ್ಲಿ, ಚೆಂಡುಹೂವು ಒಂದು ವಾರದಲ್ಲಿ, ಟೊಮೇಟೊ ವಾರ ಹತ್ತು ದಿನದಲ್ಲಿ ತಲೆಯೆತ್ತುತ್ತವೆ. ತುಳಸಿಗೆ ಎರಡು ವಾರವಾದರೂ ಕಾಯಬೇಕು. ಶ್ರಾವಣದಲ್ಲಿ ಬಿತ್ತಿದ ಚೆಂಡುಹೂವು ಸುಮಾರು ಎರಡು ತಿಂಗಳಿಗೆ, ಮಹಾನವಮಿಯ ಹೊತ್ತಿಗೆ, ಬಾಗಿಲ ತೋರಣಕ್ಕೆ ಒದಗುತ್ತದೆ. ಗಾಂಧಿಬಜಾರಿನಲ್ಲಿ ಆ ವಾರ ಹೂವಿನ ಬೆಲೆ ಹೇಗಿರುತ್ತದೆಂದು ನಿಮಗೆ ಹೇಳಬೇಕಾಗಿಲ್ಲ.

ದೇವರ ಚಿತ್ರವಿರುವ ಪತ್ರಿಕೆಯನ್ನು ಗೊಬ್ಬರದ ಮಣ್ಣಿಗೆ ಹಾಕುವುದು ಹೇಗೆ ಎಂದು ಹಿರಿಯರು ಕೇಳಬಹುದು. ಮಣ್ಣಿನ ಗಣಪನನ್ನು ಪೂಜಿಸಿ ನೀರಿಗೆ ಬಿಡುವವರು ನಾವು. ಬಂದ ಮಣ್ಣಿಗೇ ಹಿಂತಿರುಗಿಸುವುದು ವಿಸರ್ಜನೆಯೇ ಹೊರತು ಅನಾದರವಲ್ಲ. ಆದರೂ ಮನಸ್ಸು ಒಪ್ಪದಿದ್ದರೆ ಅಚ್ಚು ಹಾಕಿಸುವಾಗಲೇ ಚಿತ್ರ ಬಿಟ್ಟು 'ಶ್ರೀ' ಎಂದಷ್ಟೇ ಬರೆಸಬಹುದು.

ಈಗ ಲೆಕ್ಕದ ಮಾತಿಗೆ ಬರೋಣ. ಬೀಜದ ಪತ್ರಿಕೆಯಿಂದ ಲೋಕ ಹಸಿರಾಗುತ್ತದೆಂದು ನಂಬಿಕೊಂಡು ಸಾವಿರ ಪತ್ರಿಕೆ ಮಾಡಿಸಿದರೆ, ಅದರಲ್ಲಿ ಒಂಬೈನೂರು ಕಪಾಟಿನಲ್ಲಿ ಸತ್ತರೆ, ಆ ಹಣವೂ ಬೀಜವೂ ವ್ಯರ್ಥ. ಪ್ಲಾಸ್ಟಿಕ್ಕಿನ ಪತ್ರಿಕೆಯಂತೆ ಅದು ಊರಿಗೆ ಹೊರೆಯಾಗದು ನಿಜ. ಆದರೆ ಮೊಳೆಯುತ್ತೇನೆಂದ ಮಾತು ಮಾತ್ರ ಉಳಿಯಲಿಲ್ಲ. ಆ ಮಾತನ್ನು ಉಳಿಸುವುದು ಮೂವರ ಕೆಲಸ. ಮಾಡುವವನು ಜೀವವಿರುವ ಬೀಜವನ್ನು ಹಾಕಿ, ಅದರ ಹೆಸರನ್ನೂ ಮಾಡಿದ ತಿಂಗಳನ್ನೂ ಹಿಂಬದಿಯಲ್ಲಿ ಬರೆಯಬೇಕು. ಕಳುಹಿಸುವವನು ಪರೀಕ್ಷಿಸಿ ಕೊಳ್ಳಬೇಕು. ಪಡೆದವನು ಬಿತ್ತಬೇಕು.

ಪರೀಕ್ಷೆಗೆ ಪ್ರಯೋಗಶಾಲೆ ಬೇಡ. ರೈತರು ಬಿತ್ತನೆಗೆ ಮುಂಚೆ ಮಾಡುವುದನ್ನೇ ಮಾಡಿ. ಸುಲ್ತಾನಪೇಟೆಯಲ್ಲೋ ಚಿಕ್ಕಪೇಟೆಯಲ್ಲೋ ಪತ್ರಿಕೆ ಆರಿಸಲು ಹೋದಾಗ ಮಾದರಿಯೊಂದನ್ನು ಕೇಳಿ ತನ್ನಿ. ಅದರಲ್ಲಿರುವ ಬೀಜಗಳನ್ನು ಎಣಿಸಿ, ಒದ್ದೆಬಟ್ಟೆಯಲ್ಲಿ ಸುತ್ತಿ, ತಟ್ಟೆಯಲ್ಲಿಟ್ಟು, ಆರದಂತೆ ನೋಡಿಕೊಳ್ಳಿ. ಆ ಬೀಜಕ್ಕೆ ಬೇಕಾದ ದಿನಗಳು ಕಳೆದ ಮೇಲೆ ಬಿಚ್ಚಿ ನೋಡಿ. ಹತ್ತರಲ್ಲಿ ಆರೇಳು ಮೊಳೆತಿದ್ದರೆ ಧೈರ್ಯವಾಗಿ ಹೇಳಿಕೆ ಕೊಡಿ. ಒಂದೆರಡೇ ಮೊಳೆತಿದ್ದರೆ ಬೇರೆ ಅಂಗಡಿ ನೋಡಿ. ಮುಹೂರ್ತ ನೋಡುವುದಕ್ಕೆ ಅಷ್ಟು ದಿನ ತೆಗೆದುಕೊಳ್ಳುವ ನಮಗೆ ಇದಕ್ಕೆ ಎರಡು ವಾರ ದೊಡ್ಡದಲ್ಲ.

ಸಂಖ್ಯೆಯಲ್ಲಿಯೂ ಮಿತಿಯಿರಲಿ. ಈಗ ಬಹುಮಂದಿಗೆ ಕರೆ ಮೊಬೈಲ್ ಫೋನಿನಲ್ಲಿಯೇ ಹೋಗುತ್ತದೆ. ಅದು ಸಾಕೆನ್ನುವವರಿಗೆ ಅದೇ ಸಾಕು. ಮನೆಗೆ ಹೋಗಿ, ಕುಂಕುಮವಿಟ್ಟು, ಅಕ್ಷತೆ ಕೊಟ್ಟು ಕರೆಯಬೇಕಾದ ಹಿರಿಯರು, ನೆಂಟರು, ಗುರುಗಳು ಐವತ್ತು ಅರವತ್ತು ಮನೆಯವರಿರುತ್ತಾರೆ. ಬೀಜದ ಓಲೆ ಅವರಿಗೆ ತಕ್ಕದ್ದು. ಕೈಗೆ ಕೊಡುವಾಗಲೇ "ಮಾಮಿ, ಮದುವೆ ಆದಮೇಲೆ ಇದನ್ನ ಕುಂಡಕ್ಕೆ ಹಾಕಿ, ತುಳಸಿ ಬರುತ್ತೆ" ಎಂದು ಒಂದು ಮಾತು ಹೇಳಿ. ಅಚ್ಚಿನ ಸೂಚನೆಯನ್ನು ಓದುವವರು ಕಡಮೆ. ಬಾಯಿಮಾತನ್ನು ಮರೆಯುವವರೂ ಕಡಮೆ.

ಇಂಥ ಪತ್ರಿಕೆ ನಿಮ್ಮ ಮನೆಗೆ ಬಂದರೆ, ಮದುವೆಯ ಊಟ ಮುಗಿಸಿ ಬಂದ ಮಾರನೆಯ ದಿನವೇ ಒಂದು ಕುಂಡವನ್ನು ಹುಡುಕಿ. ಗಿಡ ಎದ್ದ ಮೇಲೆ, ಕರೆದವರ ಮನೆಗೆ ಒಂದು ಸಲ ಫೋನು ಮಾಡಿ ತಿಳಿಸಿ. ಹೊಸದಾಗಿ ಸಂಸಾರ ಹೂಡಿದ ಮಕ್ಕಳಿಗೆ ಅದನ್ನು ಕೇಳುವುದು ಇಷ್ಟವಾಗುತ್ತದೆ.